ಆರ್‌ಎನ್‌ಎ-ಸೆಕ್ ಫಲಿತಾಂಶ ಕೈಕೊಟ್ಟಾಗ ದೋಷ ಹುಡುಕುವುದು ಹೇಗೆ

ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅದರ ಆರ್‌ಎನ್‌ಎ ತುಣುಕುಗಳನ್ನು ಓದಿ ಎಣಿಸುವ ವಿಧಾನ ಆರ್‌ಎನ್‌ಎ-ಸೆಕ್. ಸೀಕ್ವೆನ್ಸಿಂಗ್ ಮುಗಿದು ಡೇಟಾ ಬಂದಿದೆ, ಅಲೈನ್‌ಮೆಂಟ್ (ಓದಿದ ತುಣುಕುಗಳನ್ನು, ಅಂದರೆ ರೀಡ್‌ಗಳನ್ನು, ಜೀನೋಮ್‌ನ ಸರಿಯಾದ ಜಾಗಕ್ಕೆ ಕೂರಿಸುವುದು) ಆಗಿದೆ, ಎರಡು ಗುಂಪುಗಳ ನಡುವೆ ಬದಲಾದ ಜೀನ್‌ಗಳನ್ನು ಹುಡುಕುವ ಡಿಇಸೆಕ್2 ಪ್ಯಾಕೇಜ್ ಯಾವ ತಕರಾರೂ ತೆಗೆಯದೆ ಓಡಿದೆ. ಆದರೆ ಕೊನೆಗೆ ಸಿಕ್ಕ ಪಟ್ಟಿ ಮಾತ್ರ ನಂಬುವ ಹಾಗಿಲ್ಲ. ಒಂದೋ ಬದಲಾದ ಜೀನ್ ಒಂದೂ ಇಲ್ಲ, ಇಲ್ಲವೇ ಅರ್ಧ ಜೀನೋಮೇ ಬದಲಾಗಿದೆ ಎನ್ನುತ್ತದೆ. ಏರಬೇಕಾಗಿದ್ದ ಜೀನ್ ಇಳಿದಿರುವುದೂ ಉಂಟು. ಜೀವವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗಳು ಹೆಚ್ಚಾಗಿ ಹೊತ್ತು ತರುವ ದೂರುಗಳು ಈ ಮೂರೇ. ಮೂರಕ್ಕೂ ಕಾರಣ ಬಹುಪಾಲು ಸಾಫ್ಟ್‌ವೇರ್‌ನಲ್ಲಿ ಇರುವುದಿಲ್ಲ. ಅದಕ್ಕೆ ಸಿಗುವುದು ಒಂದು ಅಂಕಿಗಳ ಟೇಬಲ್, ಒಂದು ಸ್ಯಾಂಪಲ್ ಪಟ್ಟಿ, ಅಷ್ಟೇ. ಆ ಪಟ್ಟಿಯಲ್ಲಿ ಬರೆದದ್ದು ನಿಜವೋ ಸುಳ್ಳೋ ಎಂದು ತಿಳಿಯುವ ದಾರಿ ಅದಕ್ಕಿಲ್ಲ. ಆದ್ದರಿಂದ ಹುಡುಕಾಟವನ್ನು ಫಲಿತಾಂಶದಿಂದ ಹಿಂದಕ್ಕೆ, ಗಿಡ ಅಥವಾ ಇಲಿಯ ತನಕ ಒಯ್ಯಬೇಕು.

ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಾಗಿಯ ಎಂಎಲ್-365 ತಳಿ; ನಾಲ್ಕು ಕುಂಡಕ್ಕೆ ನೀರು ಕೊಟ್ಟಿದೆ, ನಾಲ್ಕಕ್ಕೆ ನಿಲ್ಲಿಸಿದೆ. ಎಲೆಯಿಂದ ಆರ್‌ಎನ್‌ಎ ತೆಗೆದು, ಬರಕ್ಕೆ ಯಾವ ಜೀನ್‌ಗಳು ಸ್ಪಂದಿಸುತ್ತವೆ ಎಂದು ನೋಡಬೇಕು. ಎಂಎಲ್-365ರ ಜೀನೋಮ್ ಅನುಕ್ರಮ 2017ರಲ್ಲೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡದಿಂದ ಪ್ರಕಟವಾಗಿರುವುದರಿಂದ ರೀಡ್‌ಗಳನ್ನು ಹೋಲಿಸಲು ಬೇಕಾದ ರೆಫರೆನ್ಸ್ ಜೀನೋಮ್‌ಗೆ ಕೊರತೆಯಿಲ್ಲ. ಪ್ರಾಣಿ ಅಥವಾ ಮನುಷ್ಯರ ಸ್ಯಾಂಪಲ್ ಇದ್ದವರಿಗೆ ಬೇಕಾದದ್ದನ್ನು ಅಲ್ಲಲ್ಲಿ ಹೇಳುತ್ತೇನೆ.

ಮೊದಲು ಮುಟ್ಟಬಾರದ ಜಾಗ

ಫಲಿತಾಂಶ ಸರಿ ಬರಲಿಲ್ಲ ಎಂದ ಕೂಡಲೇ ಕೈ ಹೋಗುವುದು ಪಿ-ಮೌಲ್ಯದ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಕಾಣುವ ಸಂಭವ) 0.05 ಎಂಬ ಮಿತಿಯ ಕಡೆಗೆ. ಅದನ್ನು 0.1 ಮಾಡುವುದು, ಫೋಲ್ಡ್ ಚೇಂಜ್ (ಎಷ್ಟು ಪಟ್ಟು ಬದಲಾವಣೆ) ಮಿತಿ ಇಳಿಸುವುದು, ಇದೇ ಕೆಲಸದ ಇನ್ನೊಂದು ಪ್ಯಾಕೇಜ್ ಎಡ್ಜ್‌ಆರ್‌ನಲ್ಲಿ ಓಡಿಸಿ ನೋಡುವುದು, ಅದೂ ಆಗದಿದ್ದರೆ ಮತ್ತೊಂದಾದ ಲಿಮ್ಮಾಗೆ ಹೋಗುವುದು. ದಯವಿಟ್ಟು ಇದನ್ನು ಮಾಡಬೇಡಿ. ಬೇಕಾದ ಉತ್ತರ ಬರುವ ತನಕ ವಿಧಾನ ಬದಲಿಸುತ್ತಾ ಹೋದರೆ ಕೊನೆಗೆ ಸಿಗುವ ಪಿ-ಮೌಲ್ಯಕ್ಕೆ ಅರ್ಥವೇ ಉಳಿಯುವುದಿಲ್ಲ. ಡಿಇಸೆಕ್2 ಮತ್ತು ಎಡ್ಜ್‌ಆರ್ ಎರಡರ ಅಡಿಪಾಯವೂ ನೆಗೆಟಿವ್ ಬೈನಾಮಿಯಲ್ ಎಂಬ ಸಂಖ್ಯಾಶಾಸ್ತ್ರದ ಮಾದರಿಯೇ. ಡೇಟಾ ಚೆನ್ನಾಗಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ. ಎರಡರ ಉತ್ತರಕ್ಕೂ ಅಜಗಜಾಂತರವಿದ್ದರೆ ದೋಷ ಡೇಟಾದಲ್ಲಿದೆ ಎಂದೇ ತಿಳಿದು ಮುಂದಕ್ಕೆ ಓದಿ.

ಇನ್ನೊಂದು ವಿಷಯ. ಈ ಪ್ಯಾಕೇಜ್‌ಗಳಿಗೆ ಕೊಡಬೇಕಾದದ್ದು ಕಚ್ಚಾ ಕೌಂಟ್, ಅಂದರೆ ಪ್ರತಿ ಜೀನ್‌ಗೆ ಸೇರಿದ ರೀಡ್‌ಗಳ ಎಣಿಕೆ, ಪೂರ್ಣಾಂಕಗಳು. ಜೀನಿನ ಉದ್ದಕ್ಕೂ ಒಟ್ಟು ರೀಡ್‌ಗಳಿಗೂ ಹೊಂದಿಸಿದ ಎಫ್‌ಪಿಕೆಎಂ ಅಥವಾ ಟಿಪಿಎಂ ಫೈಲ್ ಸಿಕ್ಕಿತೆಂದು ಅದನ್ನು ರೌಂಡ್ ಮಾಡಿ ತುರುಕಿದ್ದರೆ ಇಲ್ಲಿಗೇ ನಿಲ್ಲಿಸಿ. ಡೇಟಾ ಕೊಟ್ಟವರಿಂದ ಕಚ್ಚಾ ಕೌಂಟ್ ಅಥವಾ ಫಾಸ್ಟ್‌ಕ್ಯೂ (ಸೀಕ್ವೆನ್ಸರ್ ಕೊಟ್ಟ ಮೂಲ ರೀಡ್‌ಗಳ) ಫೈಲ್‌ಗಳನ್ನು ಕೇಳಿ ತರಿಸಿಕೊಳ್ಳಿ.

ಲಕ್ಷಣ: ಕೌಂಟ್ ಟೇಬಲ್ ತುಂಬಾ ಸೊನ್ನೆ, ಅಥವಾ ಕೌಂಟ್ ಬಹಳ ಕಡಿಮೆ

ರೀಡ್‌ಗಳು ಜೀನೋಮ್‌ಗೆ ಚೆನ್ನಾಗಿ ಕೂತಿವೆ, ಆದರೆ ಜೀನ್‌ಗಳಿಗೆ ಮಾತ್ರ ಸೇರುತ್ತಿಲ್ಲ. ಹೀಗಾದರೆ ನೋಡಬೇಕಾದದ್ದು ಎರಡು.

ಮೊದಲನೆಯದು ಕ್ರೋಮೋಸೋಮ್ ಹೆಸರು. ಜೀನೋಮ್ ಫೈಲ್ ಸಿಗುವ ಜಾಲತಾಣಗಳ ಪೈಕಿ ಎನ್ಸೆಂಬಲ್‌ನಲ್ಲಿ ಒಂದನೇ ಕ್ರೋಮೋಸೋಮ್ ಎಂದರೆ ಬರೀ ‘1’. ಯುಸಿಎಸ್‌ಸಿಯಲ್ಲಿ ಅದೇ ‘ಸಿಎಚ್‌ಆರ್1’. ಜೀನೋಮ್ ಫೈಲನ್ನು ಒಂದು ಕಡೆಯಿಂದ, ಯಾವ ಜೀನ್ ಎಲ್ಲಿದೆ ಎಂದು ಹೇಳುವ ಜಿಟಿಎಫ್ ಫೈಲನ್ನು ಇನ್ನೊಂದು ಕಡೆಯಿಂದ ಇಳಿಸಿಕೊಂಡಿದ್ದರೆ ಎರಡೂ ಒಂದನ್ನೊಂದು ಗುರುತಿಸುವುದಿಲ್ಲ. ಎರಡೂ ಫೈಲ್‌ಗಳ ಮೊದಲ ಕೆಲವು ಸಾಲು ತೆರೆದು ಕಣ್ಣಾರೆ ಹೋಲಿಸಿ.

ಎರಡನೆಯದು ಸ್ಟ್ರ್ಯಾಂಡ್, ಅಂದರೆ ರೀಡ್ ಡಿಎನ್‌ಎಯ ಎರಡು ಎಳೆಗಳಲ್ಲಿ ಯಾವುದರದ್ದು ಎಂಬ ದಿಕ್ಕು. ಇದು ಹೆಚ್ಚು ಮೋಸಗೊಳಿಸುತ್ತದೆ, ಏಕೆಂದರೆ ಕೌಂಟ್ ಪೂರ್ತಿ ಸೊನ್ನೆ ಆಗುವುದಿಲ್ಲ. ಸ್ಟಾರ್ ಅಲೈನರ್‌ನಲ್ಲಿ ಜೀನ್ ಕೌಂಟ್ ಆಯ್ಕೆ ಕೊಟ್ಟಿದ್ದರೆ ಪ್ರತಿ ಸ್ಯಾಂಪಲ್‌ಗೂ ನಾಲ್ಕು ಕಾಲಂಗಳ ಒಂದು ಫೈಲ್ ಬರುತ್ತದೆ. ಮೊದಲನೆಯದು ಜೀನ್ ಹೆಸರು, ಎರಡನೆಯದು ಸ್ಟ್ರ್ಯಾಂಡ್ ಲೆಕ್ಕಿಸದ ಕೌಂಟ್, ಮೂರು ಮತ್ತು ನಾಲ್ಕು ಒಂದೊಂದು ದಿಕ್ಕಿನ ಕೌಂಟ್. ಮೂರನೆಯದರ ಒಟ್ಟು ಮೊತ್ತವನ್ನೂ ನಾಲ್ಕನೆಯದರ ಒಟ್ಟು ಮೊತ್ತವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಸುಮಾರಾಗಿ ಸಮ ಇದ್ದರೆ ಲೈಬ್ರರಿ (ಸೀಕ್ವೆನ್ಸರ್‌ಗೆ ಹಾಕಲು ತಯಾರಿಸಿದ ಡಿಎನ್‌ಎ ತುಣುಕುಗಳು) ಮಾಡಿದ ಕಿಟ್ ದಿಕ್ಕನ್ನು ಉಳಿಸುವುದಿಲ್ಲ, ಅಂದರೆ ಅದಕ್ಕೆ ಸ್ಟ್ರ್ಯಾಂಡ್ ಇಲ್ಲ. ಎರಡನೇ ಕಾಲಂ ತೆಗೆದುಕೊಳ್ಳಿ. ಮೂರನೆಯದು ತೀರಾ ಸಣ್ಣದು, ನಾಲ್ಕನೆಯದು ದೊಡ್ಡದು ಎಂದಾದರೆ ಅದು ಡಿಯುಟಿಪಿ ವಿಧಾನದ, ದಿಕ್ಕು ಉಳಿಸುವ ಕಿಟ್; ನಾಲ್ಕನೇ ಕಾಲಂ ನಿಮ್ಮದು. ರೀಡ್ ಎಣಿಸಲು ಎಚ್‌ಟಿಸೆಕ್ ಬಳಸುವವರು ಗಮನಿಸಿ: ನೀವು ಏನೂ ಹೇಳದಿದ್ದರೆ ಅದು ಸ್ಟ್ರ್ಯಾಂಡ್ ಇದೆ ಎಂದೇ ಭಾವಿಸುತ್ತದೆ. ಸ್ಟ್ರ್ಯಾಂಡ್ ಇಲ್ಲದ ಕಿಟ್ ಆಗಿದ್ದರೆ ಅರ್ಧದಷ್ಟು ರೀಡ್‌ಗಳು ಸದ್ದಿಲ್ಲದೆ ಹೋಗುತ್ತವೆ. ಉಳಿದರ್ಧ ನೋಡಲು ಸರಿಯಾಗಿಯೇ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ರಾಗಿಯಂಥ ಬೆಳೆಯಲ್ಲಿ ಮೂರನೇ ಕಾರಣವೂ ಇದೆ. ರಾಗಿ ಅಲೋಟೆಟ್ರಾಪ್ಲಾಯ್ಡ್; ಎರಡು ಪೂರ್ವಜ ಸಸ್ಯಗಳ ಜೀನೋಮ್‌ಗಳನ್ನು ಒಟ್ಟಿಗೆ ಹೊತ್ತ 36 ಕ್ರೋಮೋಸೋಮ್‌ಗಳ ಗಿಡ. ಒಂದೇ ಜೀನಿನ ಎರಡು ಹತ್ತಿರದ ಪ್ರತಿಗಳಿದ್ದಾಗ ರೀಡ್ ಯಾವುದಕ್ಕೆ ಸೇರಿದ್ದು ಎಂದು ಅಲೈನರ್‌ಗೆ ತಿಳಿಯದು. ಒಂದೇ ಕಡೆ ಕೂರುವ ರೀಡ್‌ಗಳನ್ನು ಮಾತ್ರ ಎಣಿಸುವ ಪದ್ಧತಿಯಲ್ಲಿ ಇಂಥ ರೀಡ್‌ಗಳೆಲ್ಲ ಬಿಟ್ಟುಹೋಗುತ್ತವೆ. ಸಾಲ್ಮನ್ ಅಥವಾ ಆರ್‌ಸೆಮ್‌ನಂಥ, ರೀಡನ್ನು ಸಂಭವನೀಯತೆಯ ಪ್ರಕಾರ ಹಂಚುವ ಸಾಧನ ಇಲ್ಲಿ ಮೇಲು. ಗೋಧಿ, ಹತ್ತಿ, ಕಡಲೆಕಾಯಿ ಮೇಲೆ ಕೆಲಸ ಮಾಡುವವರಿಗೂ ಇದೇ ಮಾತು.

ರೀಡ್‌ಗಳ ಗುಣಮಟ್ಟ ಪರೀಕ್ಷಿಸುವ ಫಾಸ್ಟ್‌ಕ್ಯೂಸಿ ವರದಿಯಲ್ಲಿ ಕೆಂಪು ಗುರುತು ಕಂಡು ಗಾಬರಿಯಾಗುವವರಿಗೆ ಒಂದೆರಡು ಮಾತು. ರೀಡಿನ ಮೊದಲ ಹತ್ತು-ಹನ್ನೆರಡು ಬೇಸ್‌ಗಳಲ್ಲಿ ಎ, ಟಿ, ಜಿ, ಸಿ ಪ್ರಮಾಣ ಏರುಪೇರಾಗುವುದು ರ‍್ಯಾಂಡಮ್ ಹೆಕ್ಸಮರ್ ಪ್ರೈಮಿಂಗ್‌ನಿಂದ (ಲೈಬ್ರರಿ ಮಾಡುವಾಗ ಆರು ಬೇಸ್‌ಗಳ ಪ್ರೈಮರ್‌ಗಳು ಅಂಟುವ ರೀತಿ). ಡುಪ್ಲಿಕೇಟ್ ಹೆಚ್ಚಿರುವುದು ಆರ್‌ಎನ್‌ಎಯಲ್ಲಿ ಸಹಜ, ಕೆಲವು ಜೀನ್‌ಗಳು ಅಷ್ಟು ಜೋರಾಗಿ ಕೆಲಸ ಮಾಡುತ್ತಿರುತ್ತವೆ. ಎರಡಕ್ಕೂ ಮದ್ದು ಬೇಡ. ಎಲೆಯ ಸ್ಯಾಂಪಲ್‌ನಲ್ಲಿ ರಿನ್ ಅಂಕ (ಆರ್‌ಎನ್‌ಎ ಎಷ್ಟು ಅಖಂಡವಾಗಿದೆ ಎಂಬುದರ ಅಳತೆ) ಸ್ವಲ್ಪ ಕಡಿಮೆ ಬಂದರೆ, ಕ್ಲೋರೋಪ್ಲಾಸ್ಟ್‌ನ ರೈಬೋಸೋಮಲ್ ಆರ್‌ಎನ್‌ಎ ಬ್ಯಾಂಡ್‌ಗಳು ಲೆಕ್ಕ ಕೆಡಿಸಿರಬಹುದು. ಗ್ರಾಫ್ ನೋಡದೆ ಸ್ಯಾಂಪಲ್ ಎಸೆಯಬೇಡಿ.

ಲಕ್ಷಣ: ಒಂದೆರಡು ಸ್ಯಾಂಪಲ್ ಎದುರು ಗುಂಪಿನಲ್ಲಿ ಹೋಗಿ ಕೂತಿದೆ

ಒಂದನ್ನೊಂದು ಹೋಲುವ ಸ್ಯಾಂಪಲ್‌ಗಳನ್ನು ಹತ್ತಿರ ಹತ್ತಿರದ ಚುಕ್ಕೆಗಳಾಗಿ ತೋರಿಸುವ ಪಿಸಿಎ ಚಿತ್ರದಲ್ಲಿ ಬರದ ಗಿಡವೊಂದು ನೀರುಂಡ ಗಿಡಗಳ ಮಧ್ಯೆ ಕಾಣಿಸಿದರೆ ಅದನ್ನು ‘ಔಟ್‌ಲಯರ್’ ಎಂದು ಅಳಿಸಿಹಾಕುವ ಮುನ್ನ ಲೇಬಲ್ ನೋಡಿ. ಎದುರು ಗುಂಪಿನ ಒಂದು ಸ್ಯಾಂಪಲ್ ಕೂಡ ಈಚೆ ಬಂದಿದೆಯೇ? ಬಂದಿದ್ದರೆ ಅದಲುಬದಲಾಗಿದೆ ಎಂದು ಬಹುತೇಕ ಖಚಿತ.

ಅದಲುಬದಲು ಲ್ಯಾಬ್‌ನಲ್ಲೂ ಆಗುತ್ತದೆ, ಕಂಪ್ಯೂಟರ್‌ನಲ್ಲೂ ಆಗುತ್ತದೆ. ಕಂಪ್ಯೂಟರ್‌ನಲ್ಲಿ ಆಗುವುದು ಹೆಚ್ಚಾಗಿ ಹೀಗೆ: ಸ್ಯಾಂಪಲ್‌ಗಳಿಗೆ 1ರಿಂದ 12ರ ತನಕ ಸಂಖ್ಯೆ ಕೊಟ್ಟಿದ್ದೀರಿ. ಫೋಲ್ಡರ್‌ನಲ್ಲಿ ಫೈಲ್‌ಗಳು ಅಕ್ಷರ ಕ್ರಮದಲ್ಲಿ ನಿಲ್ಲುತ್ತವೆ, ಅಂದರೆ 1, 10, 11, 12, ಆಮೇಲೆ 2. ಸ್ಯಾಂಪಲ್ ಪಟ್ಟಿ ಮಾತ್ರ 1, 2, 3 ಎಂದೇ ಇದೆ. ಎರಡರಲ್ಲೂ ಹೆಸರು ಇದ್ದು ಕ್ರಮ ಬೇರೆ ಇದ್ದರೆ ಡಿಇಸೆಕ್2 ತಡೆದು ನಿಲ್ಲಿಸುತ್ತದೆ. ಆದರೆ ಸ್ಯಾಂಪಲ್ ಪಟ್ಟಿಯ ಸಾಲುಗಳಿಗೆ ಹೆಸರೇ ಕೊಡದಿದ್ದರೆ, ಬಂದ ಕ್ರಮದಲ್ಲೇ ಜೋಡಿಸಿಕೊಂಡು ಮುಂದೆ ಹೋಗುತ್ತದೆ. ಒಂದು ಎಚ್ಚರಿಕೆ ಸಂದೇಶವೂ ಬರುವುದಿಲ್ಲ. ಹಾಗಾಗಿ ಸಾಲಿನ ಹೆಸರು ಕೊಡುವುದನ್ನು ಕಡ್ಡಾಯ ಮಾಡಿಕೊಳ್ಳಿ. ಸಂಖ್ಯೆಗಳನ್ನು 01, 02 ಎಂದು ಬರೆಯಿರಿ.

ಇದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪ್ರಕರಣವಿದೆ. ಯಾವ ಕ್ಯಾನ್ಸರ್ ರೋಗಿಗೆ ಯಾವ ಕೀಮೋಥೆರಪಿ ಔಷಧ ನಾಟುತ್ತದೆ ಎಂದು ಜೀನ್ ಅಭಿವ್ಯಕ್ತಿಯಿಂದಲೇ ಹೇಳಬಹುದು ಎಂಬ ಪ್ರಬಂಧ 2006ರಲ್ಲಿ ಬಂತು. ಎಂಡಿ ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಅದನ್ನು ಮರುಲೆಕ್ಕ ಹಾಕಲು ಕೂತರು. ಜೀನ್ ಪಟ್ಟಿ ಒಂದು ಸಾಲು ಕೆಳಗೆ ಜಾರಿತ್ತು. ಕೆಲವು ಔಷಧಗಳ ವಿಷಯದಲ್ಲಿ ‘ಔಷಧಕ್ಕೆ ಬಗ್ಗುವ’ ಮತ್ತು ‘ಬಗ್ಗದ’ ಎಂಬ ಲೇಬಲ್‌ಗಳೇ ತಿರುಗುಮುರುಗಾಗಿದ್ದವು. ಅಷ್ಟರಲ್ಲಿ ಆ ಲೆಕ್ಕದ ಆಧಾರದ ಮೇಲೆ ರೋಗಿಗಳ ಮೇಲೆ ಕ್ಲಿನಿಕಲ್ ಟ್ರಯಲ್‌ಗಳೂ ಶುರುವಾಗಿದ್ದವು. ಪ್ರಬಂಧವನ್ನು 2011ರಲ್ಲಿ ಹಿಂಪಡೆಯಲಾಯಿತು. ನಂತರದ ತನಿಖೆಯಲ್ಲಿ ಸುಳ್ಳು ದತ್ತಾಂಶ ಸೇರಿಸಿದ್ದೂ ಬಯಲಾಯಿತು. ಸುಳ್ಳಿನ ಮಾತು ಬೇರೆ. ಆದರೆ ಒಂದು ಸಾಲು ಜಾರುವುದು ಯಾವ ಪ್ರಾಮಾಣಿಕ ಲ್ಯಾಬ್‌ನಲ್ಲೂ ಆಗಬಹುದು, ಅದರ ಬೆಲೆ ತೆರುವವರು ರೋಗಿಗಳು. ಲೇಬಲ್ ಪರೀಕ್ಷೆಯನ್ನು ಗುಮಾಸ್ತಿಕೆ ಎಂದು ಯಾರೂ ಹಗುರ ಮಾಡಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮನುಷ್ಯ ಮತ್ತು ಇಲಿಯ ಸ್ಯಾಂಪಲ್‌ಗಳಲ್ಲಿ ಪರೀಕ್ಷೆ ಬಹಳ ಸುಲಭ. ಹೆಣ್ಣಿನಲ್ಲಿ ಎಕ್ಸ್‌ಐಎಸ್‌ಟಿ ಜೀನ್ ಚೆನ್ನಾಗಿ ಕಾಣುತ್ತದೆ. ಗಂಡಿನಲ್ಲಿ ಡಿಡಿಎಕ್ಸ್3ವೈ, ಕೆಡಿಎಂ5ಡಿಯಂಥ ವೈ ಕ್ರೋಮೋಸೋಮ್‌ನ ಜೀನ್‌ಗಳು ಕಾಣುತ್ತವೆ. ಇವುಗಳ ಕೌಂಟನ್ನು ಪಟ್ಟಿಯಲ್ಲಿ ಬರೆದ ಲಿಂಗದ ಜೊತೆ ಹೋಲಿಸಿದರೆ ಐದು ನಿಮಿಷದ ಕೆಲಸ. 2016ರಲ್ಲಿ ಟೋಕರ್, ಫೆಂಗ್ ಮತ್ತು ಪಾವ್ಲಿಡಿಸ್ ಸಾರ್ವಜನಿಕವಾಗಿ ಲಭ್ಯವಿದ್ದ 70 ದತ್ತಾಂಶಗಳನ್ನು ಹೀಗೆ ಜಾಲಾಡಿದಾಗ, ಶೇ. 46ರಷ್ಟರಲ್ಲಿ ಕನಿಷ್ಠ ಒಂದು ಸ್ಯಾಂಪಲ್‌ನ ಲಿಂಗ ತಪ್ಪಾಗಿತ್ತು. ನೆನಪಿಡಿ, ಇದು ಗಂಡು-ಹೆಣ್ಣಿನ ನಡುವಿನ ಅದಲುಬದಲನ್ನು ಮಾತ್ರ ಹಿಡಿಯುತ್ತದೆ. ಗಿಡಗಳಲ್ಲಿ ಬೇರೆ ಬೇರೆ ತಳಿ ಇದ್ದರೆ ರೀಡ್‌ಗಳಿಂದಲೇ ಎಸ್‌ಎನ್‌ಪಿ (ತಳಿಯಿಂದ ತಳಿಗೆ ಬದಲಾಗುವ ಒಂಟಿ ಬೇಸ್‌ಗಳು) ತೆಗೆದು ಯಾವ ಸ್ಯಾಂಪಲ್ ಯಾವ ತಳಿಯದ್ದು ಎಂದು ಹೋಲಿಸಬಹುದು. ಒಂದೇ ತಳಿಯಲ್ಲಿ ಅದೂ ಆಗದು; ಆಗ ಟ್ಯೂಬ್ ಮೇಲಿನ ಬರಹ ಮತ್ತು ಲ್ಯಾಬ್ ನೋಟ್‌ಬುಕ್ ಬಿಟ್ಟರೆ ಗತಿಯಿಲ್ಲ.

ಲಕ್ಷಣ: ಸ್ಯಾಂಪಲ್‌ಗಳು ಬ್ಯಾಚ್ ಪ್ರಕಾರ ಗುಂಪುಗೂಡಿವೆ

ಈ ಇಡೀ ಬರಹದಲ್ಲಿ ಒಂದನ್ನೇ ಓದುವಿರಾದರೆ ಈ ಭಾಗ ಓದಿ. ಒಂದೇ ದಿನ, ಒಂದೇ ಕೈಯಲ್ಲಿ ಅಥವಾ ಒಂದೇ ಓಟದಲ್ಲಿ ಒಟ್ಟಿಗೆ ತಯಾರಾದ ಸ್ಯಾಂಪಲ್‌ಗಳ ಗುಂಪೇ ಬ್ಯಾಚ್. ಪಿಸಿಎ ಚಿತ್ರವನ್ನು ಒಂದೇ ಸಲ ಬಿಡಿಸಿ ಬಿಡಬೇಡಿ. ಅದೇ ಚುಕ್ಕೆಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು ಮತ್ತೆ ಮತ್ತೆ ನೋಡಿ. ಮೊದಲು ಬರ ಮತ್ತು ನೀರಿನ ಪ್ರಕಾರ. ಆಮೇಲೆ ಆರ್‌ಎನ್‌ಎ ತೆಗೆದ ದಿನ, ತೆಗೆದ ವ್ಯಕ್ತಿ, ಲೈಬ್ರರಿ ಮಾಡಿದ ಬ್ಯಾಚ್, ಸೀಕ್ವೆನ್ಸರ್‌ನ ಲೇನ್ (ಲೈಬ್ರರಿ ಓಡುವ ಕಾಲುವೆ), ರಿನ್ ಅಂಕ, ಎಲೆ ಕಿತ್ತ ಗಂಟೆ. ಯಾವ ಬಣ್ಣ ಕೊಟ್ಟಾಗ ಗುಂಪುಗಳು ಅಚ್ಚುಕಟ್ಟಾಗಿ ಬೇರೆಯಾಗುತ್ತವೋ ನಿಮ್ಮ ಡೇಟಾದಲ್ಲಿ ಅತಿ ದೊಡ್ಡ ವ್ಯತ್ಯಾಸ ಅದರದ್ದು. ಈ ವಿವರಗಳು ಸ್ಯಾಂಪಲ್ ಪಟ್ಟಿಯಲ್ಲಿ ಇಲ್ಲವೇ? ಹಾಗಾದರೆ ವಿಶ್ಲೇಷಣೆ ನಿಲ್ಲಿಸಿ, ನೋಟ್‌ಬುಕ್ ತೆರೆದು, ಮೊದಲು ಅವನ್ನು ತುಂಬಿಸಿ. ಸೀಕ್ವೆನ್ಸಿಂಗ್ ವಿವರ ಮಾತ್ರ ನೋಟ್‌ಬುಕ್ ಇಲ್ಲದೆಯೂ ಸಿಗುತ್ತದೆ. ಫಾಸ್ಟ್‌ಕ್ಯೂ ಫೈಲ್‌ನ ಪ್ರತಿ ರೀಡಿನ ಮೊದಲ ಸಾಲಿನಲ್ಲಿ ಯಂತ್ರದ ಗುರುತು, ರನ್ ಸಂಖ್ಯೆ, ಫ್ಲೋಸೆಲ್, ಲೇನ್ ಎಲ್ಲ ಬರೆದಿರುತ್ತದೆ.

ಆ ಒಂದು ಸಾಲು ಏನು ಮಾಡಬಲ್ಲದು ಎಂಬುದಕ್ಕೆ ನಿದರ್ಶನ ಇದೆ. 2014ರಲ್ಲಿ ಬಂದ ಒಂದು ಹೋಲಿಕೆ ಅಧ್ಯಯನ, ಮನುಷ್ಯನ ಅಂಗಾಂಶಗಳು ಇಲಿಯ ಅದೇ ಅಂಗಾಂಶಕ್ಕಿಂತ ಮನುಷ್ಯನ ಬೇರೆ ಅಂಗಾಂಶಗಳನ್ನೇ ಹೆಚ್ಚು ಹೋಲುತ್ತವೆ ಎಂದಿತು. ಮನುಷ್ಯನ ಯಕೃತ್ತು ಇಲಿಯ ಯಕೃತ್ತಿಗಿಂತ ಮನುಷ್ಯನದೇ ಬೇರೆ ಅಂಗಗಳಿಗೆ ಹತ್ತಿರ ಎಂದ ಹಾಗಾಯಿತು. 2015ರಲ್ಲಿ ಯೋವ್ ಗಿಲಾಡ್ ಮತ್ತು ಓರ್ನಾ ಮಿಜ್ರಾಹಿ-ಮ್ಯಾನ್ ಆ ಫಾಸ್ಟ್‌ಕ್ಯೂ ಸಾಲುಗಳಿಂದ ಸೀಕ್ವೆನ್ಸಿಂಗ್ ವ್ಯವಸ್ಥೆಯನ್ನು ಮತ್ತೆ ಕಟ್ಟಿ ನೋಡಿದರು. ಮನುಷ್ಯನ ಸ್ಯಾಂಪಲ್‌ಗಳೂ ಇಲಿಯ ಸ್ಯಾಂಪಲ್‌ಗಳೂ ಬಹುಪಾಲು ಬೇರೆ ಬೇರೆ ಬ್ಯಾಚ್‌ಗಳಲ್ಲಿ ಓಡಿದ್ದವು. ಬ್ಯಾಚಿನ ಪ್ರಭಾವವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸ್ಯಾಂಪಲ್‌ಗಳು ಜಾತಿಯ ಪ್ರಕಾರವಲ್ಲ, ಅಂಗಾಂಶದ ಪ್ರಕಾರ ಗುಂಪುಗೂಡಿದವು.

ಈಗ ನಿಮ್ಮ ಸ್ಥಿತಿ ಯಾವುದು ಎಂದು ತೀರ್ಮಾನಿಸಬೇಕು. ಬ್ಯಾಚ್ ಮತ್ತು ಉಪಚಾರದ (ಇಲ್ಲಿ ಬರ ಅಥವಾ ನೀರು) ಒಂದು ಚಿಕ್ಕ ಕೋಷ್ಟಕ ಬರೆಯಿರಿ: ಸೋಮವಾರ ಬರದ ಗಿಡ ಎಷ್ಟು, ನೀರುಂಡ ಗಿಡ ಎಷ್ಟು, ಮಂಗಳವಾರ ಎಷ್ಟೆಷ್ಟು.

ಎರಡೂ ದಿನ ಎರಡೆರಡು ಇದ್ದರೆ ನೀವು ಪಾರಾದಿರಿ. ಯಾವ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಡಿಇಸೆಕ್2ಗೆ ಹೇಳುವ ಡಿಸೈನ್ ಸೂತ್ರದಲ್ಲಿ ಮೊದಲು ಬ್ಯಾಚ್, ನಂತರ ಉಪಚಾರ ಎಂದು ಸೇರಿಸಿ ಮತ್ತೆ ಓಡಿಸಿ. ಇಲ್ಲಿ ಹಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ: ಮೊದಲು ಬ್ಯಾಚಿನ ಪ್ರಭಾವವನ್ನು ಕಳೆದು ‘ಶುದ್ಧ’ ಡೇಟಾ ಮಾಡಿಕೊಂಡು, ಬ್ಯಾಚ್ ಎಂಬುದೇ ಇರಲಿಲ್ಲವೇನೋ ಎಂಬಂತೆ ಪರೀಕ್ಷೆ ನಡೆಸುವುದು. ಹಾಗೆ ಮಾಡಿದರೆ, ಅದರಲ್ಲೂ ಕೋಷ್ಟಕ ಸಮತೋಲನದಲ್ಲಿ ಇಲ್ಲದಾಗ, ಪಿ-ಮೌಲ್ಯಗಳು ಇರುವುದಕ್ಕಿಂತ ಹೆಚ್ಚು ಭರವಸೆ ತೋರಿಸುತ್ತವೆ. ಲಿಮ್ಮಾದ ಬ್ಯಾಚ್ ಕಳೆಯುವ ಆದೇಶ ಚಿತ್ರ ಬಿಡಿಸಲು ಮಾತ್ರ. ಯಾವ ಬ್ಯಾಚ್ ಎಂದೇ ತಿಳಿಯದಿದ್ದಾಗ ಎಸ್‌ವಿಎ ಅಥವಾ ಆರ್‌ಯುವಿಸೆಕ್ ಎಂಬ ಪ್ಯಾಕೇಜ್‌ಗಳು ಡೇಟಾದೊಳಗಿನಿಂದಲೇ ಅಡಗಿದ ಅಂಶವನ್ನು ಊಹಿಸಿ ಕೊಡುತ್ತವೆ, ಅದನ್ನೂ ಡಿಸೈನ್‌ಗೆ ಸೇರಿಸಬೇಕು.

ಸೋಮವಾರ ಬರದವು ನಾಲ್ಕೂ, ಮಂಗಳವಾರ ನೀರುಂಡವು ನಾಲ್ಕೂ ಎಂದಾಗಿದ್ದರೆ? ಒಂದು ಅಂಗಡಿಯ ತಕ್ಕಡಿಯಲ್ಲಿ ಅಕ್ಕಿ ಚೀಲ ತೂಗಿ, ಇನ್ನೊಂದು ಅಂಗಡಿಯ ತಕ್ಕಡಿಯಲ್ಲಿ ರಾಗಿ ಚೀಲ ತೂಗಿ ಯಾವುದು ಭಾರ ಎಂದು ಕೇಳಿದ ಹಾಗೆ. ವ್ಯತ್ಯಾಸ ಚೀಲದ್ದೋ ತಕ್ಕಡಿಯದ್ದೋ ಹೇಳಲಾಗದು. ಬ್ಯಾಚನ್ನು ಸೂತ್ರಕ್ಕೆ ಸೇರಿಸಿದರೆ ಡಿಇಸೆಕ್2 ಮಾಡೆಲ್ ಮ್ಯಾಟ್ರಿಕ್ಸ್ ‘ಫುಲ್ ರ‍್ಯಾಂಕ್’ ಅಲ್ಲ ಎಂದು ನಿಲ್ಲುತ್ತದೆ. ಅದನ್ನು ಸಾಫ್ಟ್‌ವೇರ್ ದೋಷ ಎಂದು ತಿಳಿದು ಬ್ಯಾಚನ್ನು ಸೂತ್ರದಿಂದ ಕಿತ್ತುಹಾಕುವವರಿದ್ದಾರೆ. ಆ ಸಂದೇಶ ಹೇಳುತ್ತಿರುವುದು ಅಪ್ಪಟ ಸತ್ಯ: ಈ ಪ್ರಶ್ನೆಗೆ ಈ ಡೇಟಾದಲ್ಲಿ ಉತ್ತರವಿಲ್ಲ. ಬ್ಯಾಚ್ ಪ್ರಭಾವ ಕಳೆಯುವ ಕಾಂಬ್ಯಾಟ್ ಆಗಲಿ ಇನ್ನೊಂದಾಗಲಿ ಇದನ್ನು ಬಿಡಿಸಲಾರದು. ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ಎಲೆ ಉಳಿದಿದ್ದರೆ, ಎರಡೂ ಗುಂಪುಗಳನ್ನು ಬೆರೆಸಿ ಆರ್‌ಎನ್‌ಎ ತೆಗೆಯುವುದರಿಂದ ಮತ್ತೆ ಶುರು ಮಾಡಿ. ಎಲೆ ಇಲ್ಲದೆ ಆರ್‌ಎನ್‌ಎ ಮಾತ್ರ ಉಳಿದಿದ್ದರೆ ಲೈಬ್ರರಿ ಹಂತದಿಂದ ಮಾಡಬಹುದು, ಆದರೆ ಆರ್‌ಎನ್‌ಎ ತೆಗೆದ ದಿನದ ತೊಡಕು ಹಾಗೆಯೇ ಉಳಿಯುತ್ತದೆ ಎಂದು ತಿಳಿದು ಮಾಡಿ. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿ ಹೋದರೆ ಅವನು ಬಹುಶಃ ಮರಣೋತ್ತರ ಪರೀಕ್ಷೆಯಷ್ಟೇ ಮಾಡಬಲ್ಲ ಎಂದು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ ಹೇಳಿದ್ದು 1938ರಲ್ಲಿ, ನಮ್ಮ ದೇಶದಲ್ಲೇ, ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ. ಹೊಲವನ್ನು ಬ್ಲಾಕ್‌ಗಳಾಗಿ ವಿಂಗಡಿಸಿ ಪ್ರತಿ ಬ್ಲಾಕಿನಲ್ಲೂ ಎಲ್ಲ ಉಪಚಾರಗಳನ್ನು ಚೀಟಿ ಎತ್ತಿ ಹಂಚುವ ಕ್ರಮವನ್ನು ನಮ್ಮ ಕೃಷಿ ವಿದ್ಯಾರ್ಥಿಗಳು ಪದವಿಯಲ್ಲೇ ಕಲಿಯುತ್ತಾರೆ. ಅದೇ ಕ್ರಮವನ್ನು ಸೆಂಟ್ರಿಫ್ಯೂಜ್‌ಗೂ ಲೈಬ್ರರಿ ಪ್ಲೇಟ್‌ಗೂ ಅನ್ವಯಿಸಬೇಕು, ಅಷ್ಟೇ.

ಪಿ-ಮೌಲ್ಯಗಳ ಹಿಸ್ಟೋಗ್ರಾಮ್

ಇನ್ನೂ ಎಫ್‌ಡಿಆರ್ ತಿದ್ದುಪಡಿ (ಸಾವಿರಾರು ಜೀನ್ ಪರೀಕ್ಷಿಸುವಾಗ ಆಕಸ್ಮಿಕವಾಗಿ ಬರುವ ಹುಸಿ ಜೀನ್‌ಗಳ ಪಾಲನ್ನು ಹಿಡಿತದಲ್ಲಿಡುವ ಲೆಕ್ಕ) ಮಾಡದ, ಕಚ್ಚಾ ಪಿ-ಮೌಲ್ಯಗಳ ಹಿಸ್ಟೋಗ್ರಾಮ್ ಬಿಡಿಸಿ. ಈ ಒಂದು ಚಿತ್ರಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಏನೂ ಬದಲಾಗದ ಜೀನ್‌ಗಳ ಪಿ-ಮೌಲ್ಯ 0ಯಿಂದ 1ರ ತನಕ ಸಮನಾಗಿ ಹರಡುತ್ತದೆ. ನಿಜವಾಗಿ ಬದಲಾದವು 0ಯ ಬಳಿ ಗುಡ್ಡೆಯಾಗುತ್ತವೆ. ಹಾಗಾಗಿ ಆರೋಗ್ಯವಂತ ಚಿತ್ರ ಎಂದರೆ ಎಡತುದಿಯಲ್ಲಿ ಒಂದು ಎತ್ತರ, ಉಳಿದದ್ದು ಸಮತಟ್ಟು.

ಪೂರ್ತಿ ಸಮತಟ್ಟಾಗಿದ್ದರೆ ಪರೀಕ್ಷೆ ಸರಿಯಾಗಿಯೇ ನಡೆದಿದೆ, ಹಿಡಿಯುವಷ್ಟು ವ್ಯತ್ಯಾಸ ಸಿಕ್ಕಿಲ್ಲ. ನಡುವೆ ಗುಡ್ಡ, ಅಥವಾ ಎಡದಿಂದ ಬಲಕ್ಕೆ ಏರುತ್ತಾ ಹೋಗುವ ಇಳಿಜಾರು ಕಂಡರೆ, ಡಿಸೈನ್‌ನಲ್ಲಿ ಸೇರಿಸದ ಯಾವುದೋ ಅಂಶ ಎರಡೂ ಗುಂಪಿನೊಳಗೆ ಏರುಪೇರನ್ನು ಉಬ್ಬಿಸಿದೆ. ಹಿಂದಿನ ಭಾಗಕ್ಕೆ ಹೋಗಿ ಬ್ಯಾಚ್ ಹುಡುಕಿ. ಬಲತುದಿಯಲ್ಲಿ, 1ರ ಬಳಿ ಒಂಟಿ ಕಂಬ ನಿಂತಿದ್ದರೆ ಅವು ಕೌಂಟ್ ತೀರಾ ಕಡಿಮೆ ಇರುವ ಜೀನ್‌ಗಳು. ಅವನ್ನು ಸೋಸಿ ಮತ್ತೆ ಬಿಡಿಸಿ.

ಲಕ್ಷಣ: ಒಂದೂ ಜೀನ್ ಸಿಗಲಿಲ್ಲ

ಹಿಸ್ಟೋಗ್ರಾಮ್ ಸಮತಟ್ಟು, ಲೇಬಲ್ ಸರಿ, ಬ್ಯಾಚ್ ಸರಿ. ಆಗ ಉಳಿಯುವ ಉತ್ತರ ಸಾಮಾನ್ಯವಾಗಿ ರೆಪ್ಲಿಕೇಟ್ (ಒಂದೇ ಉಪಚಾರದ ಬೇರೆ ಬೇರೆ ಕುಂಡ ಅಥವಾ ಪ್ರಾಣಿ) ಸಾಲದು ಎಂಬುದು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯೀಸ್ಟ್‌ನ ಎರಡು ತಳಿಗಳಿಗೆ 48-48 ರೆಪ್ಲಿಕೇಟ್ ಮಾಡಿದ್ದರು. ಕೆಟ್ಟವನ್ನು ತೆಗೆದು ಉಳಿದ 42ರಲ್ಲಿ ಸಿಕ್ಕ ಜೀನ್‌ಗಳ ಪೈಕಿ, ಬರೀ ಮೂರು ರೆಪ್ಲಿಕೇಟ್ ಇದ್ದಾಗ ಸಿಕ್ಕಿದ್ದು ಶೇ. 20ರಿಂದ 40 ಮಾತ್ರ. ಕನಿಷ್ಠ ಆರು ಇರಲಿ ಎಂಬುದು ಅವರ ಸಲಹೆ. ಅದೂ ಯೀಸ್ಟ್, ಒಂದೇ ಬಗೆಯ ಜೀವಕೋಶ. ಕುಂಡದಿಂದ ಕುಂಡಕ್ಕೆ ಮಣ್ಣು ಬದಲಾಗುವ ರಾಗಿಗೆ ಮೂರು ಸಾಲದು ಎಂದು ಧೈರ್ಯವಾಗಿ ಹೇಳುತ್ತೇನೆ. ಹಣ ಒಂದೇ ಮೊತ್ತವಿದ್ದರೆ ಪ್ರತಿ ಸ್ಯಾಂಪಲ್‌ಗೆ ರೀಡ್ ಕಡಿಮೆ ಮಾಡಿಸಿ, ಕುಂಡ ಹೆಚ್ಚಿಸಿ.

ಪಟ್ಟಿಯಲ್ಲಿ ಪಿ-ಮೌಲ್ಯದ ಜಾಗದಲ್ಲಿ ‘ಎನ್‌ಎ’ ಎಂದು ಬಂದಿದ್ದರೆ ಅದು ಕಳೆದುಹೋದ ಡೇಟಾ ಅಲ್ಲ. ಪಿ-ಮೌಲ್ಯವಿದ್ದು ತಿದ್ದಿದ ಮೌಲ್ಯ ಮಾತ್ರ ಎನ್‌ಎ ಆಗಿದ್ದರೆ, ಸರಾಸರಿ ಕೌಂಟ್ ಕಡಿಮೆ ಎಂದು ಸೋಸಿಹೋಗಿದೆ. ಎರಡೂ ಎನ್‌ಎ ಆಗಿದ್ದರೆ ಒಂದೋ ಎಲ್ಲ ಸ್ಯಾಂಪಲ್‌ನಲ್ಲೂ ಸೊನ್ನೆ, ಇಲ್ಲವೇ ಒಂದು ಸ್ಯಾಂಪಲ್‌ನಲ್ಲಿ ಮಾತ್ರ ವಿಪರೀತ ಕೌಂಟ್. ಆ ಜೀನಿನ ಎಂಟೂ ಅಂಕಿ ಬರೆದು ನೋಡಿ. ಅದೇ ಸ್ಯಾಂಪಲ್ ಹತ್ತಾರು ಜೀನ್‌ಗಳಲ್ಲಿ ಹೀಗೆ ಕಂಡರೆ ತೊಂದರೆ ಜೀನಿನದ್ದಲ್ಲ, ಸ್ಯಾಂಪಲಿನದ್ದು.

ಲಕ್ಷಣ: ಸಾವಿರಾರು ಜೀನ್ ಬದಲಾಗಿವೆ

ಇದನ್ನು ಸಂತೋಷದಿಂದ ಸ್ವೀಕರಿಸುವವರೇ ಹೆಚ್ಚು, ಆದ್ದರಿಂದ ಇದು ಹೆಚ್ಚು ಅಪಾಯಕಾರಿ. ಮೊದಲು ನೋಡಬೇಕಾದದ್ದು, ಬಳಸಿದ್ದು ಕಚ್ಚಾ ಪಿ-ಮೌಲ್ಯವೋ ತಿದ್ದಿದ್ದೋ. 20,000 ಜೀನ್‌ಗಳನ್ನು 0.05ರಲ್ಲಿ ಪರೀಕ್ಷಿಸಿದರೆ ಏನೂ ಬದಲಾಗದಿದ್ದರೂ ಸುಮಾರು 1,000 ಜೀನ್ ಪಟ್ಟಿಗೆ ಬರುತ್ತವೆ. ಬೆಂಜಮಿನಿ-ಹಾಕ್‌ಬರ್ಗ್ ಎಂಬ ಎಫ್‌ಡಿಆರ್ ತಿದ್ದುಪಡಿ ಇರುವುದು ಇದಕ್ಕೇ.

ಎರಡನೆಯದು ಹುಸಿ ರೆಪ್ಲಿಕೇಟ್. ಒಂದೇ ಕುಂಡದ ಮೂರು ಎಲೆ ಮೂರು ರೆಪ್ಲಿಕೇಟ್ ಅಲ್ಲ. ಒಂದೇ ಲೈಬ್ರರಿಯನ್ನು ಎರಡು ಲೇನ್‌ನಲ್ಲಿ ಓಡಿಸಿದ್ದು ಎರಡಲ್ಲ. ಅವನ್ನು ಕೂಡಿಸಿ ಒಂದು ಮಾಡಬೇಕು. ನೀರು ನಿಲ್ಲಿಸಿದ್ದು ಕುಂಡಕ್ಕೆ, ಹಾಗಾಗಿ ಎಣಿಕೆಯ ಘಟಕವೂ ಕುಂಡವೇ. ಹರ್ಲ್‌ಬರ್ಟ್ 1984ರಲ್ಲಿ ಪರಿಸರ ವಿಜ್ಞಾನದವರಿಗೆ ಹೇಳಿದ ಈ ಮಾತು ಇಂದು ಸಿಂಗಲ್-ಸೆಲ್ (ಒಂದೊಂದೇ ಜೀವಕೋಶದ ಆರ್‌ಎನ್‌ಎ ಓದುವ) ಅಧ್ಯಯನಗಳಲ್ಲಿ ದೊಡ್ಡದಾಗಿ ಮರಳಿದೆ. ಮೂವರು ರೋಗಿ, ಮೂವರು ಆರೋಗ್ಯವಂತರಿಂದ ತೆಗೆದ ಸಾವಿರಾರು ಜೀವಕೋಶಗಳನ್ನು ಸಾವಿರಾರು ಸ್ಯಾಂಪಲ್ ಎಂದು ಎಣಿಸಿದರೆ ಪಿ-ಮೌಲ್ಯ ಎಷ್ಟು ಬೇಕಾದರೂ ಚಿಕ್ಕದಾಗುತ್ತದೆ. ಪ್ರತಿ ವ್ಯಕ್ತಿಯ, ಪ್ರತಿ ಬಗೆಯ ಜೀವಕೋಶಗಳ ಕೌಂಟನ್ನು ಕೂಡಿಸಿ, ಅಂದರೆ ಸ್ಯೂಡೋಬಲ್ಕ್ ಮಾಡಿ, ಆರು ಸ್ಯಾಂಪಲ್ ಎಂದೇ ಪರೀಕ್ಷಿಸಬೇಕು.

ಮೂರನೆಯದು ನನಗೆ ಬಹಳ ಇಷ್ಟವಾದ ಪತ್ತೆದಾರಿ. ಪಟ್ಟಿಯ ಮೇಲಿನ ಐವತ್ತು ಜೀನ್‌ಗಳ ಹೆಸರನ್ನು ನಿಧಾನವಾಗಿ ಓದಿ. ಗಿಡದಲ್ಲಿ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುವ ‘ಗಡಿಯಾರದ’ ಜೀನ್‌ಗಳಿವೆ; ಅವುಗಳಲ್ಲಿ ಎಲ್‌ಎಚ್‌ವೈ, ಸಿಸಿಎ1 ಗುಂಪಿನವು ಮುಂಜಾನೆ ಉತ್ತುಂಗಕ್ಕೇರುತ್ತವೆ, ಟಿಒಸಿ1 ಸಂಜೆಯ ಕಡೆಗೆ. ಒಂದು ಕಡೆ ಎಲ್‌ಎಚ್‌ವೈ ಹೆಚ್ಚು, ಇನ್ನೊಂದು ಕಡೆ ಟಿಒಸಿ1 ಹೆಚ್ಚು ಎಂದು ಪಟ್ಟಿಯ ತಲೆಯಲ್ಲೇ ಕಂಡರೆ ಮೊದಲು ಕೇಳಬೇಕಾದದ್ದು, ಯಾವ ಕುಂಡದ ಎಲೆಯನ್ನು ಎಷ್ಟು ಗಂಟೆಗೆ ಕಿತ್ತಿರಿ ಎಂದು. ನೀರುಂಡವನ್ನು ಬೆಳಿಗ್ಗೆ ಕಿತ್ತು, ತಿಂಡಿ ಮುಗಿಸಿ ಬಂದು ಬರದವನ್ನು ಮಧ್ಯಾಹ್ನ ಕಿತ್ತಿದ್ದರೆ ಪಟ್ಟಿಯಲ್ಲಿರುವುದು ಬಹುಮಟ್ಟಿಗೆ ಗಡಿಯಾರದ ಜೀನ್‌ಗಳೇ. ಬರವೂ ಗಡಿಯಾರದ ಜೀನ್‌ಗಳನ್ನು ಸ್ವಲ್ಪ ಅಲುಗಿಸಬಲ್ಲದು ನಿಜ, ಆದರೆ ಕಿತ್ತ ಹೊತ್ತು ಒಂದೇ ಎಂದು ನೋಟ್‌ಬುಕ್ ಹೇಳುವ ತನಕ ಹಾಗೆ ಬರೆಯಬೇಡಿ. ಪ್ರಾಣಿ ಅಂಗಾಂಶದಲ್ಲಿ ಒತ್ತಡಕ್ಕೆ ಕೂಡಲೇ ಸ್ಪಂದಿಸುವ ಫಾಸ್, ಜುನ್, ಇಜಿಆರ್1 ಜೀನ್‌ಗಳು ಮೇಲಿದ್ದರೆ ಅಂಗಾಂಶ ತೆಗೆದು ಫ್ರೀಜ್ ಮಾಡುವ ನಡುವಿನ ಹೊತ್ತು ಒಂದು ಗುಂಪಿಗೆ ಹೆಚ್ಚಾಗಿತ್ತೇ ಎಂದು ನೋಡಿ. ಹಿಮೋಗ್ಲೋಬಿನ್ ಜೀನ್‌ಗಳಿದ್ದರೆ ಕೆಲವು ಸ್ಯಾಂಪಲ್‌ನಲ್ಲಿ ರಕ್ತ ಉಳಿದಿದೆ.

ಲಕ್ಷಣ: ದಿಕ್ಕು ಉಲ್ಟಾ

ಪ್ರೋಲೀನ್ ತಯಾರಿಸುವ ಪಿ5ಸಿಎಸ್, ಡಿಹೈಡ್ರಿನ್, ಎಲ್‌ಇಎ ಜೀನ್‌ಗಳು ಬರದಲ್ಲಿ ಏರಬೇಕು. ಅವೇ ಇಳಿದಿವೆ ಎಂದರೆ ಹೊಸ ಆವಿಷ್ಕಾರ ಎಂದು ಬರೆಯಲು ಕೂರಬೇಡಿ. ಯಾವ ಗುಂಪು ಆಧಾರ ಎಂದು ನೀವು ಹೇಳದಿದ್ದರೆ ಈ ಪ್ಯಾಕೇಜ್‌ಗಳು ಓಡುವ ಆರ್ ಭಾಷೆ ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಮೊದಲು ಬರುವುದನ್ನೇ ಆಧಾರ ಮಾಡಿಕೊಳ್ಳುತ್ತದೆ. ಗುಂಪುಗಳಿಗೆ ಡ್ರೌಟ್, ವಾಟರ್ಡ್ ಎಂದು ಹೆಸರಿಟ್ಟರೆ ಡ್ರೌಟ್ ಆಧಾರವಾಗಿ ಎಲ್ಲ ಚಿಹ್ನೆಗಳೂ ತಿರುಗುತ್ತವೆ. ಮ್ಯೂಟೆಂಟ್, ವೈಲ್ಡ್‌ಟೈಪ್ ಎಂದಿಟ್ಟವರಿಗೂ ಇದೇ ಗತಿ. ರಿಲೆವೆಲ್ ಆದೇಶದಿಂದ ಆಧಾರ ಗುಂಪನ್ನು ನೀವೇ ಹೇಳಿ. ಆಮೇಲೆ ಒಂದು ಜೀನಿನ ಕೌಂಟನ್ನು ಗ್ರಾಫ್ ಹಾಕಿ ಕಣ್ಣಿಂದಲೇ ಖಚಿತಪಡಿಸಿಕೊಳ್ಳಿ.

ಪಟ್ಟಿ ಸರಿಯಿದ್ದು ಅರ್ಥ ಕೆಟ್ಟಾಗ

ಪಟ್ಟಿಯಲ್ಲಿ ಯಾವ ಕೆಲಸದ ಜೀನ್‌ಗಳು ಹೆಚ್ಚಿವೆ ಎಂದು ನೋಡುವ ಜಿಒ ಎನ್‌ರಿಚ್‌ಮೆಂಟ್‌ನಲ್ಲಿ ಎಲೆಯ ಯಾವ ಪ್ರಯೋಗ ಮಾಡಿದರೂ ‘ದ್ಯುತಿಸಂಶ್ಲೇಷಣೆ’ಯೇ ಮೇಲೆ ಬರುತ್ತಿದೆಯೇ? ಹಿನ್ನೆಲೆ ಪಟ್ಟಿಯಾಗಿ ಇಡೀ ಜೀನೋಮ್ ಕೊಟ್ಟಿದ್ದೀರಿ. ಎಲೆಯಲ್ಲಿ ಕೆಲಸ ಮಾಡುವ ಜೀನ್‌ಗಳನ್ನು ಇಡೀ ಗಿಡದ ಜೀನ್‌ಗಳ ಜೊತೆ ಹೋಲಿಸಿದರೆ ಎಲೆಯ ಗುಣವೇ ಕಾಣುವುದು. ನಿಮ್ಮ ಪರೀಕ್ಷೆಗೆ ನಿಜವಾಗಿ ಒಳಪಟ್ಟ ಜೀನ್‌ಗಳನ್ನಷ್ಟೇ ಹಿನ್ನೆಲೆಯಾಗಿ ಕೊಡಿ.

ಮನುಷ್ಯ-ಇಲಿ ಪಟ್ಟಿಯಲ್ಲಿ ‘2-ಸೆಪ್’ ಅಥವಾ ‘1-ಮಾರ್’ ಎಂಬ ಜೀನ್ ಸಿಕ್ಕಿದರೆ ಫೈಲ್ ಎಕ್ಸೆಲ್‌ನಲ್ಲಿ ಒಮ್ಮೆ ತೆರೆದು ಸೇವ್ ಆಗಿದೆ. ಸೆಪ್ಟ್2, ಮಾರ್ಚ್1 ಎಂಬ ಜೀನ್ ಹೆಸರುಗಳು ತಾರೀಖುಗಳಾಗಿವೆ. ಎಕ್ಸೆಲ್ ಜೀನ್ ಪಟ್ಟಿಗಳನ್ನು ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದನೇ ಒಂದು ಭಾಗದಲ್ಲಿ ಈ ತಪ್ಪು ಇದೆ ಎಂದು 2016ರಲ್ಲಿ ಗೊತ್ತಾಯಿತು. ಕೊನೆಗೆ 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ಸೆಪ್ಟಿನ್2, ಮಾರ್ಚ್‌ಎಫ್1 ಎಂದು ಬದಲಿಸಬೇಕಾಯಿತು. ಹಳೆಯ ಡೇಟಾದಲ್ಲಿ ಹಳೆಯ ಹೆಸರೇ ಇರುವುದರಿಂದ ತೊಂದರೆ ಇನ್ನೂ ಮುಗಿದಿಲ್ಲ. ಕೆಟ್ಟ ಫೈಲನ್ನು ಕೈಯಿಂದ ತಿದ್ದಬೇಡಿ, ಮೂಲ ಟೆಕ್ಸ್ಟ್ ಫೈಲ್‌ನಿಂದ ಮತ್ತೆ ತೆಗೆಯಿರಿ. ಎಕ್ಸೆಲ್‌ನಲ್ಲೇ ನೋಡಬೇಕೆಂದರೆ ಇಂಪೋರ್ಟ್ ಮಾಡುವಾಗ ಜೀನ್ ಕಾಲಮನ್ನು ‘ಟೆಕ್ಸ್ಟ್’ ಎಂದು ಗುರುತಿಸಿ.

ಇಷ್ಟಾದರೂ ದೋಷ ಸಿಗದಿದ್ದರೆ

ಬೇರೆಯವರ ಸಹಾಯ ಕೇಳುವಾಗ ಬರೀ ಫಲಿತಾಂಶದ ಪಟ್ಟಿ ಕಳಿಸಿದರೆ ಅವರಿಗೂ ಏನೂ ತಿಳಿಯುವುದಿಲ್ಲ. ಕಚ್ಚಾ ಕೌಂಟ್ ಟೇಬಲ್, ತಾರೀಖು-ಗಂಟೆ-ಬ್ಯಾಚ್ ಎಲ್ಲ ತುಂಬಿದ ಸ್ಯಾಂಪಲ್ ಪಟ್ಟಿ, ಬಳಸಿದ ಡಿಸೈನ್ ಸೂತ್ರ, ಉಪಚಾರಕ್ಕೂ ಬ್ಯಾಚ್‌ಗೂ ಬಣ್ಣ ಕೊಟ್ಟ ಎರಡು ಪಿಸಿಎ ಚಿತ್ರ, ಪಿ-ಮೌಲ್ಯದ ಹಿಸ್ಟೋಗ್ರಾಮ್, ಜೀನೋಮ್ ಮತ್ತು ಜಿಟಿಎಫ್ ಫೈಲ್‌ಗಳ ಪೂರ್ತಿ ಹೆಸರು ಮತ್ತು ಆವೃತ್ತಿ, ಕೊನೆಗೆ ಆರ್‌ನ ಸೆಷನ್ ಇನ್ಫೋ (ಆರ್ ಮತ್ತು ಪ್ಯಾಕೇಜ್‌ಗಳ ಆವೃತ್ತಿಗಳ ಪಟ್ಟಿ) ಇಷ್ಟನ್ನು ಒಂದೇ ಫೋಲ್ಡರ್‌ನಲ್ಲಿಟ್ಟು ಕಳಿಸಿ. ರೋಗಿಗಳ ಡೇಟಾ ಆಗಿದ್ದರೆ ಹೆಸರು, ಆಸ್ಪತ್ರೆ ಸಂಖ್ಯೆ ತೆಗೆದು, ನೈತಿಕ ಸಮಿತಿಯ ಅನುಮತಿ ಹಂಚಿಕೆಗೂ ಇದೆಯೇ ಎಂದು ನೋಡಿಕೊಂಡೇ ಕಳಿಸಿ. ಟ್ಯೂಬ್‌ಗಳನ್ನು ಮಾತ್ರ ದೋಷ ಸಿಗುವ ತನಕ ಫ್ರೀಜರ್‌ನಿಂದ ಎಸೆಯಬೇಡಿ.